ತಾಗಿತೋ, ಇನ್ನೂ ಇಲ್ಲವೋ!

ಒಂದು ರಾಗಿ ಕಾಳು ಎತ್ತಿಕೊಳ್ಳಿ. ತೂಕ ಎರಡೂವರೆ ಮಿಲಿಗ್ರಾಂ ಆಸುಪಾಸು. ಅದನ್ನು 25,000 ಪಾಲು ಮಾಡಿ, ಅದರಲ್ಲಿ ಒಂದೇ ಒಂದು ಪಾಲನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಏನಾದರೂ ಗೊತ್ತಾಯಿತೇ? ಆಗುವುದಿಲ್ಲ, ಬಿಡಿ. ಆದರೆ ಆ ಒಂದು ಪಾಲಿನ ಭಾರವನ್ನೇ ಐದು ಮೈಕ್ರೋಮೀಟರ್ ಅಗಲದ ಗಾಜಿನ ಗುಂಡೊಂದರ ಮೂಲಕ ಒಂದು ಜೀವಕೋಶದ ಬೆನ್ನ ಮೇಲೆ ಹೇರಿ ನೋಡಿ. ಕೋಶಕ್ಕೆ ಗೊತ್ತಾಗುತ್ತದೆ! ಅದರ ಬೆನ್ನು ಅರ್ಧ ಮೈಕ್ರೋಮೀಟರ್ ಒಳಕ್ಕೆ ಕುಸಿಯುತ್ತದೆ. ಕುಸಿದದ್ದು ನಮಗೂ ಗೊತ್ತಾಗುತ್ತದೆ, ಏಕೆಂದರೆ ಆ ಗುಂಡನ್ನು ಹಿಡಿದ ಪಟ್ಟಿಯ ಬೆನ್ನಿನಿಂದ ಪುಟಿದ ಲೇಸರ್ ಕಿರಣ ಗೋಡೆಯಾಚೆಗಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಿರುತ್ತದೆ.

ಆ ಭಾರಕ್ಕೆ ಭೌತವಿಜ್ಞಾನಿಗಳ ಲೆಕ್ಕದಲ್ಲಿ ಒಂದು ನ್ಯಾನೋನ್ಯೂಟನ್ ಎನ್ನುತ್ತಾರೆ. ಉಪಕರಣದ ಹೆಸರು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್. ಕಣ್ಣಿಟ್ಟು ನೋಡುವ ಮಸೂರ ಇದಕ್ಕೆ ಮುಖ್ಯವಲ್ಲ. ಇದು ಮುಟ್ಟಿ ನೋಡುವ ಸೂಕ್ಷ್ಮದರ್ಶಕ. ಇದರ ಕಥೆಯಲ್ಲಿ ನನ್ನ ನಿದ್ದೆ ಕೆಡಿಸಿದ ಸಂಗತಿ ಒಂದಿದೆ. ಈ ಯಂತ್ರ ಕೋಶ ಎಷ್ಟು ಮೆತ್ತಗಿದೆ ಎಂದು ಅಳೆಯುವುದೇ ಇಲ್ಲ! ಅದು ಕೊಡುವುದು ಎರಡೇ ಅಂಕಿ: ಗುಂಡು ಕೂತ ಮೊನೆಯನ್ನು ಎಷ್ಟು ಕೆಳಗಿಳಿಸಿದೆವು, ಪಟ್ಟಿ ಎಷ್ಟು ಬಾಗಿತು. ಉಳಿದದ್ದೆಲ್ಲ ನಾವು ಕಟ್ಟಬೇಕು. ಮೊನೆ ಕೋಶಕ್ಕೆ ಹೇಗೆ ತಾಗಿತು, ಎಲ್ಲೆಲ್ಲಿ ತಾಗಿತು, ತಾಗಿದಾಗ ಒಳಗೆ ಏನೇನು ಸರಿದಾಡಿತು ಎಂಬ ಇಡೀ ದೃಶ್ಯವನ್ನು ಲೆಕ್ಕದಲ್ಲೇ ನಡೆಸಿ ನೋಡಿದರಷ್ಟೇ ಮೆತ್ತಗಿನ ಅಳತೆ ಸಿಗುತ್ತದೆ. ಸ್ಪರ್ಶದ ಅಣಕು ಪ್ರದರ್ಶನ, ಅಂದರೆ ಸಿಮ್ಯುಲೇಶನ್, ಇಲ್ಲದೇ ಸ್ಪರ್ಶಕ್ಕೆ ಅರ್ಥವೇ ಇಲ್ಲ!

ಅರಸೀಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೈಲ್ವೆ ಸ್ಟೇಷನ್ ಹೊರಗೆ ಎಳನೀರಿನ ಗಾಡಿ ಮುಂದೆ ನಿಂತು ನೋಡಿ. "ಗಂಜಿ ಇರೋದು ಕೊಡ್ಲಾ ಅಣ್ಣ, ಬರೀ ನೀರಿಂದಾ?" ಎಂದು ಕೇಳುತ್ತಲೇ ಮಚ್ಚಿನ ಬೆನ್ನಿನಿಂದ ಕಾಯಿಗೆ ಟಕ್ಕೆಂದು ಒಂದು ಏಟು. ಬೇಡ ಎಂದು ಅದನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಮತ್ತೊಂದು ಏಟು. ಒಡೆದೇ ಇಲ್ಲ, ಒಳಗಿನ ಗಂಜಿ ಎಷ್ಟು ದಪ್ಪ ಎಂದು ಹೇಳಿಬಿಡುತ್ತಾರೆ! ಏಟು ಬಿದ್ದದ್ದು ಸಿಪ್ಪೆಗೆ, ಕೈಗೆ ಬಂದದ್ದು ಒಂದು ಅದುರು, ಕಿವಿಗೆ ಬಂದದ್ದು ಒಂದು ಸದ್ದು. ಮಿಕ್ಕದ್ದು ಸಾವಿರಾರು ಕಾಯಿ ಕೊಚ್ಚಿದ ತಲೆಯೊಳಗೆ ನಡೆಯುವ ಲೆಕ್ಕ. ಕೋಶದ ವಿಜ್ಞಾನಿಗೆ ಆ ಅನುಭವದ ಸೌಲಭ್ಯವಿಲ್ಲ, ಅದಕ್ಕೇ ಸಮೀಕರಣಗಳ ಮೊರೆ ಹೋಗಬೇಕು.

ಅಲ್ಲಿಂದ ಬಸ್ಸು ಹತ್ತಿ ಹಳೇಬೀಡಿಗೆ ಹೋದರೆ ಇದೇ ವಿಷಯದ ಇನ್ನೊಂದು ತುದಿ ಕಣ್ಣೆದುರಿಗೆ ನಿಲ್ಲುತ್ತದೆ. ಹೊಯ್ಸಳೇಶ್ವರನ ಗುಡಿಯ ಒಳಗಿನ ಕಂಬಗಳ ಮೈ ನೋಡಿ! ತಿರುಗಣೆಗೆ ಹಾಕಿ ಕಡೆದದ್ದು. ಬಳೆ ಬಳೆಯಾಗಿ ಎದ್ದ ಅಂಚುಗಳು ಇಂದಿಗೂ ಚೂಪು. ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಕಡೆದು ತಮ್ಮ ಹೆಸರನ್ನೂ ಕೆತ್ತಿ ಹೋದ ಮದನಿಕೆಯರಿದ್ದಾರೆ. ಅವರಲ್ಲೊಬ್ಬಳ ತಲೆಯ ಮೇಲಿನ ಚಪ್ಪರದಲ್ಲಿ ಹಣ್ಣಿನ ಮೇಲೊಂದು ನೊಣ, ಅದಕ್ಕೆ ಹೊಂಚು ಹಾಕಿ ಕೂತ ಹಲ್ಲಿ. ಗೈಡುಗಳು ಕೋಲು ತೋರಿಸಿ ಹೇಳಿದ ಮೇಲೂ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ, ಅಷ್ಟು ಸಣ್ಣದು! 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಗುಡಿಗಳ ಸೊಬಗಿನ ಹಿಂದೆ ಇರುವುದು ಒಂದು ಮೆತ್ತನೆಯ ಕಲ್ಲು, ಬಳಪದ ಕಲ್ಲು. ಅದರಲ್ಲಿರುವ ಟಾಲ್ಕ್ ಎಂಬ ಖನಿಜಕ್ಕೆ 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಗಡಸುತನದ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲು, ಅಂಕಿ 1. ನಮ್ಮ ಉಗುರಿಗೆ ಅದೇ ಏಣಿಯಲ್ಲಿ ಎರಡೂವರೆ. (ಪರೀಕ್ಷೆ ಮಾಡಲು ಗುಡಿಯ ಗೋಡೆಗೆ ಉಗುರು ಹಾಕಬೇಡಿ, ಕಾವಲಿನವರು ಸುಮ್ಮನಿರುವುದಿಲ್ಲ.)

ಈ ಮೆತ್ತನೆಯ ಕಲ್ಲಿನ ಮೇಲೆ ನಮ್ಮ ಆ ಒಂದು ನ್ಯಾನೋನ್ಯೂಟನ್ ಹೇರಿದರೆ ಏನಾಗುತ್ತದೆ? ಕುತೂಹಲಕ್ಕೆ ಲೆಕ್ಕ ಹಾಕಿದೆ. ಕಲ್ಲಿನ ಬಿಗುವನ್ನು ಹತ್ತಾರು ಗಿಗಾಪಾಸ್ಕಲ್ ಎಂದು ಹಿಡಿದರೆ, ಅದೇ ಗುಂಡು, ಅದೇ ಭಾರ, ತಗ್ಗು ಮಾತ್ರ ಒಂದು ಮೀಟರಿನ ಲಕ್ಷ ಕೋಟಿ ಭಾಗಗಳಲ್ಲಿ ಆರೇಳು ಭಾಗ. ಒಂದು ಪರಮಾಣುವಿನ ಅಗಲಕ್ಕೂ ಸಾಲದು! ಕೋಶದ ಬಿಗುವಾದರೋ ಒಂದು ಕಿಲೋಪಾಸ್ಕಲ್ ಸುತ್ತಮುತ್ತ. ಹೊಯ್ಸಳರ ಶಿಲ್ಪಿಗಳು ಮೆತ್ತಗಿದೆಯೆಂದು ಆರಿಸಿಕೊಂಡ ಕಲ್ಲು ನಮ್ಮ ಮೈಯೊಳಗಿನ ಕೋಶಕ್ಕಿಂತ ಕೋಟಿ ಪಟ್ಟಿಗೂ ಹೆಚ್ಚು ಬಿಗಿ. ಇನ್ನೊಂದು ವ್ಯತ್ಯಾಸವೂ ಇದೆ. ಉಳಿ ಬಿದ್ದಲ್ಲಿ ಕಲ್ಲು ಸಿಡಿದು ಹೋಗುತ್ತದೆ, ಆ ಗುರುತು ಒಂಬೈನೂರು ವರ್ಷ ನಿಲ್ಲುತ್ತದೆ. ಕೋಶ ತಗ್ಗಿ ಮತ್ತೆ ಮೇಲೆದ್ದು ಬರುತ್ತದೆ. ಸಿಡಿಯುವುದರ ಲೆಕ್ಕ ಬೇರೆ, ತಗ್ಗಿ ಏಳುವುದರ ಲೆಕ್ಕ ಬೇರೆ.

ಆ ಎರಡನೆಯ ಲೆಕ್ಕವನ್ನು ಮೊದಲು ಬಿಡಿಸಿದ್ದು ಯಾರು ಗೊತ್ತೇ? ಹೆನ್ರಿಕ್ ಹರ್ಟ್ಸ್! ನಿಮ್ಮ ರೇಡಿಯೋದಲ್ಲಿ ಕಿಲೋಹರ್ಟ್ಸ್, ಮೆಗಾಹರ್ಟ್ಸ್ ಎನ್ನುತ್ತಾರಲ್ಲ, ಅದೇ ಹರ್ಟ್ಸ್. ರೇಡಿಯೋ ಅಲೆಗಳ ಗೊಡವೆಗೆ ಹೋಗುವುದಕ್ಕೆ ಆರೇಳು ವರ್ಷ ಮುಂಚೆ, 1880ರ ಕ್ರಿಸ್‌ಮಸ್ ರಜೆಯಲ್ಲಿ, ಬರ್ಲಿನ್ನಿನಲ್ಲಿ. ಆಗ ಅವನಿಗೆ 23 ವರ್ಷ. ಒಂದರ ಮೇಲೊಂದು ಇಟ್ಟ ಗಾಜಿನ ಮಸೂರಗಳ ನಡುವೆ ಮೂಡುವ ಬಣ್ಣದ ಉಂಗುರಗಳನ್ನು ನೋಡುತ್ತಿದ್ದವನಿಗೆ ಒಂದು ಅನುಮಾನ ಬಂತು: ಮಸೂರಗಳನ್ನು ಒತ್ತಿದಾಗ ಅವೇ ಒಂದಿಷ್ಟು ಚಪ್ಪಟೆಯಾಗಿ ಉಂಗುರಗಳನ್ನು ಕೆಡಿಸುತ್ತಿವೆಯೇ? ರಜೆ ಮುಗಿಯುವುದರೊಳಗೆ ಉತ್ತರ ಸಿದ್ಧ! ಎರಡು ದುಂಡನೆಯ ವಸ್ತುಗಳು ಒಂದಕ್ಕೊಂದು ಒತ್ತಿದಾಗ ತಾಗುವ ಜಾಗ ಎಷ್ಟು ಅಗಲ, ತಗ್ಗು ಎಷ್ಟು ಆಳ, ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ. ಗಾಜಿಗೆಂದು ಬರೆದದ್ದು ರೈಲಿನ ಗಾಲಿಗೆ ಬಂತು, ಬಾಲ್ ಬೇರಿಂಗಿಗೆ ಬಂತು, ನೂರು ವರ್ಷ ಕಳೆದು ಜೀವಕೋಶಕ್ಕೂ ಬಂತು.

ಹರ್ಟ್ಸ್ ಕಂಡುಕೊಂಡ ವಿಚಿತ್ರ ನೋಡಿ. ತಗ್ಗನ್ನು ಎರಡು ಪಟ್ಟು ಮಾಡಬೇಕೆಂದರೆ ಬಲ ಎರಡು ಪಟ್ಟು ಸಾಲದು, ಸುಮಾರು 2.8 ಪಟ್ಟು ಬೇಕು. ಏಕೆಂದರೆ ಗುಂಡು ಇಳಿದಷ್ಟೂ ತಾಗುವ ಜಾಗ ಹಿಗ್ಗುತ್ತಾ ಹೋಗುತ್ತದೆ, ಎದುರಿಸುವ ಕೋಶದ ಪಾಲು ಬೆಳೆಯುತ್ತಾ ಹೋಗುತ್ತದೆ. ಗುಂಡಿನ ಬದಲು ಚೂಪಾದ ಶಂಕುವನ್ನು ಇಳಿಸಿದರೆ ನಾಲ್ಕು ಪಟ್ಟು ಬೇಕು. ಇಯಾನ್ ಸ್ನೆಡನ್ ಎಂಬ ಗಣಿತಜ್ಞ 1965ರಲ್ಲಿ ನಡು ಅಕ್ಷದ ಸುತ್ತ ಸಮವಾಗಿರುವ ಎಲ್ಲ ಆಕಾರಗಳಿಗೂ ಹೊಂದುವ ಲೆಕ್ಕ ಕೊಟ್ಟ. ತಳ ಚಪ್ಪಟೆಯಾದ ಸಿಲಿಂಡರನ್ನು ಒತ್ತಿದರೆ ಮಾತ್ರ ಎರಡಕ್ಕೆ ಎರಡು. ಅಂದರೆ ಅದೇ ಕೋಶ, ಅದೇ ಬಿಗುವು, ಮೊನೆಯ ಆಕಾರ ಬದಲಾದರೆ ಬರುವ ಗೆರೆಯೇ ಬೇರೆ!

ಇಲ್ಲೊಂದು ತಿರುವಿದೆ, ನಾನಂತೂ ಕುರ್ಚಿಯಿಂದ ಎದ್ದು ನಿಂತೆ. ಹರ್ಟ್ಸ್‌ನ ಈ ಸ್ಪರ್ಶದ ಲೆಕ್ಕವನ್ನು ಭಾರತದಲ್ಲಿ ಕೈಗೆತ್ತಿಕೊಂಡವರಲ್ಲಿ ಒಬ್ಬರು ಸಿ.ವಿ. ರಾಮನ್! ಬೆಳಕಿನ ರಾಮನ್ ಎಂದೇ ನಮಗೆಲ್ಲ ಪರಿಚಯ. ಆದರೆ ಆ ಬೆಳಕಿನ ಶೋಧಕ್ಕೂ ಹತ್ತು ವರ್ಷ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, ಅವರು ಗುಂಡುಗಳನ್ನು ಒಂದಕ್ಕೊಂದು ಮೆಲ್ಲಗೆ, ಅತಿ ಮೆಲ್ಲಗೆ, ಡಿಕ್ಕಿ ಹೊಡೆಸಿ ಫೋಟೊ ತೆಗೆಯುತ್ತಿದ್ದರು. 1918ರಲ್ಲಿ ಒಂದು ಪ್ರಬಂಧ, 1920ರಲ್ಲಿ ಹರ್ಟ್ಸ್ ಸಿದ್ಧಾಂತದ ಮೇಲೆಯೇ ಇನ್ನೊಂದು, ಎರಡೂ ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಯಲ್ಲಿ. ಡಿಕ್ಕಿಯ ವೇಗ ತಗ್ಗಿದಷ್ಟೂ ಗುಂಡುಗಳು ತಮ್ಮ ವೇಗವನ್ನು ಕಳೆದುಕೊಳ್ಳದೆ ಪುಟಿಯುತ್ತವೆ ಎಂದು ಕಂಡುಕೊಂಡರು. ಅದೇ ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾಲಯ ಕಟ್ಟಿದರು. ಅಲ್ಲಿ ಈಗ ಯಾರು ಯಾವುದಕ್ಕೆ ಮೊನೆ ತಾಗಿಸುತ್ತಿದ್ದಾರೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಂತ್ರದ ಒಳಗೆ ಇಣುಕೋಣ. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ ಇದನ್ನು ಲೋಕಕ್ಕೆ ತೋರಿಸಿದಾಗ ಮೊನೆ ಎಂದರೆ ಚಿನ್ನದ ತೆಳು ಹಾಳೆಗೆ ಅಂಟಿಸಿದ ವಜ್ರದ ಚೂರು. ಇಂದು ಸಿಲಿಕಾನ್ ನೈಟ್ರೈಡ್‌ನ ಪಟ್ಟಿ. ಉದ್ದ ನೂರಿನ್ನೂರು ಮೈಕ್ರೋಮೀಟರ್, ದಪ್ಪ ಒಂದು ಮೈಕ್ರೋಮೀಟರಿಗಿಂತ ಕಡಿಮೆ. ಒಂದು ಕೊನೆ ಗಟ್ಟಿಯಾಗಿ ನೆಟ್ಟಿದೆ, ಇನ್ನೊಂದು ಕೊನೆಯಲ್ಲಿ ಗುಂಡು. ಕೋಶಕ್ಕೆಂದು ಆರಿಸುವ ಪಟ್ಟಿ ಎಷ್ಟು ನಾಜೂಕೆಂದರೆ ಒಂದು ನ್ಯಾನೋನ್ಯೂಟನ್ನಿಗೆ ಅದು ಬಾಗುವುದು 20 ನ್ಯಾನೋಮೀಟರ್. ಆ 20 ನ್ಯಾನೋಮೀಟರನ್ನು ಯಾವ ಕಣ್ಣೂ ಕಾಣದು. ಆದರೆ ಪಟ್ಟಿಯ ಬೆನ್ನಿನಿಂದ ಪುಟಿದ ಲೇಸರ್ ಚುಕ್ಕೆ ಕೆಲವು ಸೆಂಟಿಮೀಟರ್ ಸಾಗಿ, ನಾಲ್ಕು ಮನೆಗಳಾಗಿ ಭಾಗ ಮಾಡಿದ ಬೆಳಕಿನ ಸಂವೇದಕದ ಮೇಲೆ ಬಿದ್ದಾಗ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಒಂದಿಷ್ಟು ಸರಿದಿರುತ್ತದೆ. ಅಷ್ಟೇ ಸಾಕು! ಕೋಶ ತಗ್ಗಿದ್ದು 500 ನ್ಯಾನೋಮೀಟರ್, ಪಟ್ಟಿ ಬಾಗಿದ್ದು 20, ಒಟ್ಟು ಇಳಿಸಿದ್ದು 520. ಕಳೆಯುವ ಲೆಕ್ಕ ಎರಡನೇ ಕ್ಲಾಸಿನದು.

ಆದರೆ 520 ಎಂದು ಎಣಿಸಲು ಎಲ್ಲಿಂದ ಶುರುಮಾಡಿದೆವು? ತಾಗಿದ ಬಿಂದುವಿನಿಂದ. ತಾಗಿದ ಬಿಂದು ಯಾವುದು? ಅಲ್ಲೇ ಎಲ್ಲರೂ ಎಡವುವುದು! ಕಲ್ಲಿಗೆ ತಾಗಿದರೆ ಗೆರೆ ಥಟ್ಟನೆ ಮೇಲೇಳುತ್ತದೆ, ಮೂಲೆ ಎದ್ದು ಕಾಣುತ್ತದೆ. ಕೋಶದ ಮೇಲೆ ಮೂಲೆಯೇ ಇಲ್ಲ. ಚಪ್ಪಟೆ ಗೆರೆ ಯಾವಾಗ ಮೇಲೇಳಲು ತೊಡಗಿತೋ ಹೇಳಲಾಗದಷ್ಟು ನಿಧಾನವಾಗಿ ಬಾಗುತ್ತದೆ, ಅದರ ಮೇಲೆ ನೀರಿನ ಅಣುಗಳ ಕುಣಿತದಿಂದ ಪಟ್ಟಿಯ ಅದುರು ಬೇರೆ. ತಾಗಿತೋ, ಇನ್ನೂ ಇಲ್ಲವೋ! ಆ ಬಿಂದುವನ್ನು ಬರೇ 100 ನ್ಯಾನೋಮೀಟರ್ ಆಚೆಗೆ ಗುರುತಿಸಿದಿರಿ ಎನ್ನಿ, ತಗ್ಗು 500ರ ಬದಲು 400 ಆಯಿತು, ಕೋಶ ಇರುವುದಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಬಿಗಿ ಎಂದು ವರದಿ ಬರೆಯುತ್ತೀರಿ. ಈಚೆಗೆ ಗುರುತಿಸಿದರೆ ಶೇಕಡಾ 24ರಷ್ಟು ಮೆತ್ತಗೆ. ಒಂದು ಕೋಶ ರೋಗದ್ದೋ ಆರೋಗ್ಯದ್ದೋ ಎಂಬ ತೀರ್ಮಾನ ಇಂಥ ಅಂತರದಲ್ಲೇ ತೂಗಾಡುತ್ತಿರುತ್ತದೆ.

ಉತ್ಪ್ರೇಕ್ಷೆ ಮಾಡುತ್ತಿಲ್ಲ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ರೋಗಿಗಳ ಎದೆಗೂಡಿನ ದ್ರವದಿಂದ ಕೋಶಗಳನ್ನು ತೆಗೆದು ಹೀಗೇ ಒತ್ತಿ ನೋಡಿತು. ಹರಡುವ ಕ್ಯಾನ್ಸರಿನ ಕೋಶಗಳು ಅದೇ ದ್ರವದ ಸಹಜ ಕೋಶಗಳಿಗಿಂತ ಶೇಕಡಾ 70ಕ್ಕೂ ಹೆಚ್ಚು ಮೆತ್ತಗೆ! ಮಸೂರದಡಿ ನೋಡಿದರೆ ಎರಡೂ ಒಂದೇ ತರಹ ಕಂಡರೂ ಮುಟ್ಟಿದರೆ ಬೇರೆ. ಮಲೇರಿಯಾ ಹೊಕ್ಕ ಕೆಂಪು ರಕ್ತಕಣದ ಕಥೆ ತದ್ವಿರುದ್ಧ. ಅದು ಬಿಗಿಯುತ್ತದೆ, ಸಣ್ಣ ರಕ್ತನಾಳಗಳಲ್ಲಿ ಮಡಚಿಕೊಂಡು ನುಸುಳಲಾರದೆ ಸಿಕ್ಕಿಕೊಳ್ಳುತ್ತದೆ.

ತಾಗುವ ಬಿಂದುವಿನ ತಲೆನೋವು ಬರೀ ಪ್ರಯೋಗದ್ದಲ್ಲ, ಗಣಿತದ್ದೂ ಹೌದು. ಯಾವುದೇ ಎಂಜಿನಿಯರಿಂಗ್ ಲೆಕ್ಕದಲ್ಲಿ ಅಂಚಿನಲ್ಲಿ ಏನಾಗುತ್ತಿದೆ ಎಂದು ಮೊದಲೇ ಹೇಳಬೇಕು: ಇಲ್ಲಿ ಕಟ್ಟಿದೆ, ಇಲ್ಲಿ ಒತ್ತುತ್ತಿದೆ, ಇಲ್ಲಿ ಬಿಟ್ಟಿದೆ. ಸ್ಪರ್ಶದಲ್ಲಿ ಎಲ್ಲಿ ತಾಗಿದೆ, ಎಲ್ಲಿ ತಾಗಿಲ್ಲ ಎಂಬುದು ಲೆಕ್ಕ ಮುಗಿದ ಮೇಲಷ್ಟೇ ಗೊತ್ತಾಗುವ ಸಂಗತಿ. ಗೊತ್ತಿಲ್ಲದೆ ಲೆಕ್ಕ ಶುರುವಾಗದು, ಲೆಕ್ಕ ಮುಗಿಯದೆ ಗೊತ್ತಾಗದು! 1959ರಲ್ಲಿ ಇಟಲಿಯ ಆಂಟೊನಿಯೊ ಸಿನ್ಯೋರಿನಿ ಈ ಇಕ್ಕಟ್ಟನ್ನು ಸ್ಪಷ್ಟವಾಗಿ ಮುಂದಿಟ್ಟ. ಬಿಡಿಸಿದವನು ಅವನ ಶಿಷ್ಯ ಗಯಟಾನೊ ಫಿಕೇರಾ, 1963ರ ಆರಂಭದಲ್ಲಿ. ಗುರು ಆಗ ಹಾಸಿಗೆ ಹಿಡಿದಿದ್ದ. ಶಿಷ್ಯನ ಉತ್ತರ ಕಿವಿಗೆ ಬಿದ್ದು ಸಂತೋಷಪಟ್ಟು, ಕೆಲವೇ ವಾರಗಳಲ್ಲಿ ತೀರಿಕೊಂಡ. ಗಣಿತದ ಇತಿಹಾಸದಲ್ಲಿ ಇಂಥ ಗುರುದಕ್ಷಿಣೆಗಳು ಹೆಚ್ಚಿಲ್ಲ.

ಫಿಕೇರಾ ಉಪಯೋಗಿಸಿದ ಸಿನ್ಯೋರಿನಿಯ ನಿಯಮಗಳು ಕೇಳಲು ಎಷ್ಟು ಸರಳ! ಮೊನೆಗೂ ಕೋಶಕ್ಕೂ ನಡುವಿನ ಸಂದು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು, ಒಂದರೊಳಗೊಂದು ತೂರಿಕೊಳ್ಳುವಂತಿಲ್ಲ. ಒತ್ತಡ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು, ಎಳೆಯುವಂತಿಲ್ಲ. ಸಂದು ಇದ್ದಲ್ಲಿ ಒತ್ತಡ ಇಲ್ಲ, ಒತ್ತಡ ಇದ್ದಲ್ಲಿ ಸಂದು ಇಲ್ಲ. ಇಷ್ಟೇ. ಇಂದು ಜಗತ್ತಿನ ಯಾವುದೇ ಕಂಪ್ಯೂಟರಿನಲ್ಲಿ ಟೈರು ರಸ್ತೆಗೆ ತಾಗಿದರೂ, ಕೃತಕ ಮಂಡಿಚಿಪ್ಪು ಮೂಳೆಗೆ ತಾಗಿದರೂ, ಗಾಜಿನ ಗುಂಡು ಕೋಶಕ್ಕೆ ತಾಗಿದರೂ ಒಳಗೆ ಓಡುತ್ತಿರುವುದು ಇದೇ ನಿಯಮ.

ಅಂಥದೊಂದು ಅಣಕು ಸ್ಪರ್ಶವನ್ನು ನಡೆಸಿ ನೋಡೋಣ. ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಜೈವಿಕ ಯಂತ್ರವಿಜ್ಞಾನಕ್ಕೆಂದೇ ಮಾಡಿದ ಫೆಬಿಯೊ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ, ಹಾಸನದ ಹಾಸ್ಟೆಲ್ಲಿನಲ್ಲಿ ಕೂತ ಎಂಜಿನಿಯರಿಂಗ್ ಹುಡುಗಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ. ಗಾಜಿನ ಮೇಲೆ ಹರಡಿ ಕೂತ ಕೋಶವನ್ನು ನಡುವೆ ಸೀಳಿ ಅರ್ಧ ಹೋಳು ಬರೆಯಬೇಕು. ನಡುವಿನಲ್ಲಿ ಐದು ಮೈಕ್ರೋಮೀಟರ್ ಎತ್ತರ, ಅಂಚಿಗೆ ಹೋದಂತೆ ತೆಳು. ಹೋಳನ್ನು ಸಾವಿರಾರು ಪುಟ್ಟ ಚೌಕಗಳಾಗಿ ಕತ್ತರಿಸಬೇಕು. ಗುಂಡು ತಾಗುವಲ್ಲಿ ಚೌಕ ಅತಿ ಸಣ್ಣದಿರಲಿ, 50 ನ್ಯಾನೋಮೀಟರ್ ಸಾಕು. ದೂರದಲ್ಲಿ ದೊಡ್ಡದಾದರೂ ನಡೆದೀತು. ಈಗ ಗುಂಡನ್ನು ಹತ್ತು ಹತ್ತು ನ್ಯಾನೋಮೀಟರ್ ಇಳಿಸುತ್ತಾ ಬನ್ನಿ. ಪ್ರತಿ ಹೆಜ್ಜೆಗೂ ಕಂಪ್ಯೂಟರ್ ಮೇಲ್ಮೈಯಲ್ಲಿ ಚೌಕಗಳ ಮೂಲೆಗಳು ಕೂಡುವ ಪ್ರತಿ ಗಂಟನ್ನೂ ಕೇಳುತ್ತದೆ: ನೀನು ಗುಂಡಿನ ಒಳಗಿದ್ದೀಯೋ ಹೊರಗೋ? ಒಳಗೆ ಸಿಕ್ಕಿಬಿದ್ದ ಗಂಟನ್ನು ಒಂದು ಕಾಲ್ಪನಿಕ ಸ್ಪ್ರಿಂಗಿನಿಂದ ಹೊರಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದ್ದರಿಂದ ಪಕ್ಕದ ಗಂಟು ಮೇಲೇಳುತ್ತದೆ, ಅದು ಗುಂಡಿಗೆ ಬಡಿಯುತ್ತದೆ, ಅದನ್ನೂ ತಳ್ಳಬೇಕು. ತಳ್ಳಾಟ ಮುಗಿದು ಎಲ್ಲ ಗಂಟುಗಳೂ ಒಪ್ಪುವವರೆಗೆ ಅದೇ ಹೆಜ್ಜೆಯಲ್ಲಿ ಮತ್ತೆ ಮತ್ತೆ ಲೆಕ್ಕ. ಸ್ಪ್ರಿಂಗ್ ಸಡಿಲವಾದರೆ ಗುಂಡು ನಾಚಿಕೆಯಿಲ್ಲದೆ ಕೋಶದೊಳಗೆ ತೂರಿಕೊಳ್ಳುತ್ತದೆ. ತೀರಾ ಬಿಗಿಯಾದರೆ ಗಂಟು ಒಮ್ಮೆ ಒಳಗೆ ಒಮ್ಮೆ ಹೊರಗೆ ಎಗರಾಡಿ ಲೆಕ್ಕವೇ ಮುರಿದು ಬೀಳುತ್ತದೆ. ಹದ ಕಂಡುಕೊಳ್ಳುವುದರಲ್ಲೇ ರಾತ್ರಿಗಳು ಕಳೆಯುತ್ತವೆ ಎಂದು ಈ ಕೆಲಸ ಮಾಡುವವರು ಗೊಣಗುತ್ತಾರೆ, ಗೊಣಗುವುದರಲ್ಲೂ ಒಂದು ಖುಷಿ ಇರುತ್ತದೆ.

ಹದ ಸಿಕ್ಕಿತು ಎನ್ನಿ. ಪರದೆಯ ಮೇಲೆ ಮೂಡುವುದನ್ನು ನೋಡಬೇಕು! ಅರ್ಧ ಮೈಕ್ರೋಮೀಟರ್ ಇಳಿದ ಗುಂಡಿನ ಕೆಳಗೆ ಒಂದು ಮೈಕ್ರೋಮೀಟರಿಗಿಂತ ತುಸು ಹೆಚ್ಚು ತ್ರಿಜ್ಯದ ದುಂಡು ಜಾಗ ಮಾತ್ರ ತಾಗಿದೆ. ಒತ್ತಡ ನಡುವಿನಲ್ಲಿ ಅತಿ ಹೆಚ್ಚು, ಅಂಚಿನಲ್ಲಿ ನಯವಾಗಿ ಸೊನ್ನೆಗೆ ಇಳಿದಿದೆ. 1880ರ ರಜೆಯಲ್ಲಿ ಹರ್ಟ್ಸ್ ಕಾಗದದ ಮೇಲೆ ಹೇಳಿದ್ದ ಅದೇ ಆಕಾರ! ಆದರೆ ಕೆಳಗೆ ನೋಡಿ. ಒತ್ತಡದ ಬಣ್ಣ ಗುಂಡಿನಡಿಯಲ್ಲೇ ನಿಲ್ಲದೆ ಆಳಕ್ಕೆ ಇಳಿಯುತ್ತಾ ಗಾಜಿನ ತಳದವರೆಗೆ ಹೋಗಿದೆ. ಹರ್ಟ್ಸ್‌ನ ಲೆಕ್ಕದಲ್ಲಿ ತಳವೇ ಇಲ್ಲ, ವಸ್ತು ಪಾತಾಳದವರೆಗೂ ಹಬ್ಬಿದೆ. ಕೋಶಕ್ಕೆ ತಳವಿದೆ. ದಪ್ಪದ ಹತ್ತನೇ ಒಂದು ಭಾಗ ದಾಟಿ ಒತ್ತಿದರೆ ನೀವು ಕೋಶದ ಜೊತೆ ಗಾಜಿನ ಬಿಗುವನ್ನೂ ಸೇರಿಸಿ ಅಳೆಯುತ್ತಿದ್ದೀರಿ. ಐದು ಮೈಕ್ರೋಮೀಟರ್ ಎತ್ತರದ ನಡುಭಾಗದಲ್ಲಿ ನಮ್ಮ ಅರ್ಧ ಮೈಕ್ರೋಮೀಟರ್ ಕಟ್ಟೆಯ ಮೇಲೆ ನಿಂತಿದೆ. ಒಂದೇ ಮೈಕ್ರೋಮೀಟರ್ ದಪ್ಪದ ಅಂಚಿನಲ್ಲಿ ಒತ್ತಿದರೋ, ಮುಗಿಯಿತು. ಅದಕ್ಕೆ ತಿದ್ದುಪಡಿಯ ಸೂತ್ರ ಬಂದದ್ದು 2002ರಲ್ಲಿ. ಅದಕ್ಕೂ ಹಿಂದಿನ ಎಷ್ಟು ವರದಿಗಳಲ್ಲಿ ಗಾಜು ಕೋಶದ ವೇಷದಲ್ಲಿ ಕೂತಿದೆಯೋ!

ಇನ್ನೂ ಒಳಗೆ ಹೋಗಿ. ಕೋಶ ಒಂದೇ ಸಮನಾದ ಮುದ್ದೆಯಲ್ಲ. ಹೊರಗೆ ಐದು ನ್ಯಾನೋಮೀಟರಿನ ಪೊರೆ, ಅದರಡಿ ಆಕ್ಟಿನ್ ಎಳೆಗಳ ಒತ್ತಾದ ಹೆಣಿಗೆ, ನಡುವೆ ಉಳಿದ ಭಾಗಕ್ಕಿಂತ ಬಿಗಿಯಾದ ಕೋಶಕೇಂದ್ರ. ಎಲ್ಲೆಲ್ಲೂ ನೀರು. ಒತ್ತಿದಾಗ ನೀರು ಪ್ರೋಟೀನ್ ಎಳೆಗಳ ಹತ್ತಾರು ನ್ಯಾನೋಮೀಟರಿನ ಸಂದುಗಳಲ್ಲಿ ನುಸುಳಿ ಪಕ್ಕಕ್ಕೆ ಸರಿಯಬೇಕು, ಅದಕ್ಕೆ ಸಮಯ ಬೇಕು. ಲಂಡನ್ನಿನ ತಂಡವೊಂದು 2013ರಲ್ಲಿ ಇದನ್ನು ತೋರಿಸಿಕೊಟ್ಟಿತು: ಥಟ್ಟನೆ ಒತ್ತಿದರೆ ನೀರಿಗೆ ಜಾಗ ಬಿಡಲು ಪುರಸೊತ್ತಿಲ್ಲ, ಕೋಶ ಬಿಗಿ, ನಿಧಾನವಾಗಿ ಒತ್ತಿದರೆ ಮೆತ್ತಗೆ. ಒಂದೇ ಕೋಶ, ಒಂದೇ ಮೊನೆ, ವೇಗ ಬೇರೆಯಾದರೆ ಬಿಗುವೂ ಬೇರೆ! ಇದೆಲ್ಲದರ ಮೇಲೆ ಅದು ಬದುಕಿದೆ. ಒತ್ತುತ್ತಲೇ ಇದ್ದರೆ ತನ್ನ ಎಳೆಗಳನ್ನು ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತದೆ. ನಮ್ಮ ಹುಡುಗಿಯ ಲ್ಯಾಪ್‌ಟಾಪಿನೊಳಗಿನ ಕೋಶ ಹಾಗೆ ಮಾಡುವುದಿಲ್ಲ. ಸಿಮ್ಯುಲೇಶನ್ನಿನ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಕೋಶದ ನಿಜವಾದ ಬಿಗುವು ಎಷ್ಟು? 2018ರಲ್ಲಿ ಹಲವು ಪ್ರಯೋಗಾಲಯಗಳು ಒಟ್ಟುಗೂಡಿ ಒಂದು ಪಂದ್ಯ ನಡೆಸಿದವು. ಎಲ್ಲರಿಗೂ ಎಂಸಿಎಫ್-7 ಎಂಬ ಒಂದೇ ತಳಿಯ ಸ್ತನ ಕ್ಯಾನ್ಸರ್ ಕೋಶಗಳು. ಒಬ್ಬರು ಮೊನೆಯಿಂದ ಒತ್ತಿದರು, ಒಬ್ಬರು ಎರಡು ಫಲಕಗಳ ನಡುವೆ ಹಿಸುಕಿದರು, ಒಬ್ಬರು ಅಂಟಿಸಿದ ಮಣಿಯನ್ನು ಅಯಸ್ಕಾಂತದಿಂದ ತಿರುಚಿದರು, ಮತ್ತೊಬ್ಬರು ಬೆಳಕಿನಿಂದಲೇ ಎಳೆದರು. ಬಂದ ಉತ್ತರಗಳ ನಡುವಿನ ಅಂತರ 1000 ಪಟ್ಟು! ಹತ್ತಲ್ಲ, ನೂರಲ್ಲ, ಸಾವಿರ. ಅಲ್ಲಿ ಯಾರೂ ಕೆಲಸ ಗೊತ್ತಿಲ್ಲದವರಲ್ಲ. ಮುಟ್ಟಿದ ಬಗೆ, ಅಗಲ, ವೇಗ, ಬಲ ಬೇರೆ ಬೇರೆ ಇತ್ತು, ಅಷ್ಟೇ. ಒಂದೇ ಒಂದು ಅಂಕಿಯನ್ನು ಹಿಡಿದು 'ಕೋಶದ ಮೃದುತ್ವ ಇಷ್ಟು' ಎಂದು ಪತ್ರಿಕೆಯಲ್ಲಿ ಯಾರಾದರೂ ಬರೆದರೆ, ಯಾವುದರಿಂದ ಒತ್ತಿದಿರಿ ಸ್ವಾಮಿ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.

ಈಗ ಬೆಂಗಳೂರಿಗೆ. ಅರಸೀಕೆರೆಯಿಂದ ರೈಲು ಹತ್ತಿದರೆ ಅರ್ಧ ದಿನವೂ ಬೇಡ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಟ್ ಅವರ ತಂಡ ಮಾಡಿದ್ದನ್ನು ಕೇಳಿ. ನಮ್ಮ ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಹೋಗುವ ನರತಂತು, ಆಕ್ಸಾನ್, ಸುಮಾರು ಒಂದು ಮೀಟರ್ ಉದ್ದ, ದಪ್ಪ ಮೈಕ್ರೋಮೀಟರಿನ ಲೆಕ್ಕದಲ್ಲಿ. ಪ್ರತಿ ಹೆಜ್ಜೆಗೂ ಅದು ಹಿಗ್ಗಬೇಕು, ಕುಗ್ಗಬೇಕು, ಜೀವಮಾನವಿಡೀ ತುಂಡಾಗದೆ ಉಳಿಯಬೇಕು. ಹೇಗೆ? ಈ ತಂಡ ಬೆಳಕು ಸಾಗಿಸುವ ಆಪ್ಟಿಕಲ್ ಫೈಬರನ್ನೇ ಆಮ್ಲದಲ್ಲಿ ಕರಗಿಸಿ ತೆಳುವಾಗಿಸಿ ಮೊನೆ ಮಾಡಿಕೊಂಡಿತು. ಕೋಳಿ ಭ್ರೂಣದ ನರಕೋಶಗಳಿಂದ ಬೆಳೆದ ಆಕ್ಸಾನ್‌ಗೆ ನಡುವೆ ಅಡ್ಡಲಾಗಿ ತಾಗಿಸಿ ತಳ್ಳಿತು. ಫೈಬರಿನ ತುದಿಯಿಂದ ಹೊರಬರುವ ಬೆಳಕಿನ ಚುಕ್ಕೆ ಎಷ್ಟು ಸರಿಯಿತೋ ಅದರಿಂದ ಫೈಬರ್ ಬಾಗಿದ್ದು ಗೊತ್ತಾಗುತ್ತದೆ, ಅದರಿಂದ ಬಲ.

ಎಳೆದಷ್ಟೂ ಬಿಗಿಯಾಗುವುದು ಲೋಕರೂಢಿ. ಆಕ್ಸಾನ್ ಎಳೆದಷ್ಟೂ ಮೆತ್ತಗಾಯಿತು! ಏಕೆ ಎಂದು ಕಂಡುಕೊಳ್ಳಲು ಮತ್ತೆ ಬೇಕಾದದ್ದು ಮಾದರಿ, ಲೆಕ್ಕದೊಳಗಿನ ಆಕ್ಸಾನ್. ಆಕ್ಸಾನಿನ ಪೊರೆಯಡಿ ಸುಮಾರು 190 ನ್ಯಾನೋಮೀಟರಿಗೊಂದರಂತೆ ಆಕ್ಟಿನ್ ಉಂಗುರಗಳಿವೆ, ಅವನ್ನು ಜೋಡಿಸುವುದು ಸ್ಪೆಕ್ಟ್ರಿನ್ ಎಂಬ ಪ್ರೋಟೀನು. ಇದು ಅಮೆರಿಕದಲ್ಲಿ 2013ರಲ್ಲಷ್ಟೇ ಪತ್ತೆಯಾದ ರಚನೆ. ಸ್ಪೆಕ್ಟ್ರಿನ್ ಅಣು ಪುಟ್ಟ ಪುಟ್ಟ ಮಡಿಕೆಗಳ ಸರಣಿ. ಎಳೆತ ಬಂದಾಗ ಮಡಿಕೆಗಳು ಒಂದೊಂದಾಗಿ ಬಿಚ್ಚಿ ಉದ್ದ ಕೊಡುತ್ತವೆ, ಎಳೆತವನ್ನು ತಾವೇ ನುಂಗುತ್ತವೆ. ಎಳೆತ ಇಳಿದಾಗ ಮತ್ತೆ ಮಡಚಿಕೊಳ್ಳುತ್ತವೆ. ಹಾಗೆಂದು ಮಾದರಿ ಕಟ್ಟಿ ಲೆಕ್ಕ ಓಡಿಸಿದರೆ ಪ್ರಯೋಗದ ಗೆರೆಗೆ ಹೊಂದಿಕೊಂಡಿತು. ಪುಣೆಯ ಐಸರ್ ಮತ್ತು ಪ್ಯಾರಿಸ್ಸಿನ ಸಹೋದ್ಯೋಗಿಗಳೊಂದಿಗೆ 2020ರಲ್ಲಿ 'ಇಲೈಫ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೇಖ್ರಿ ಸರ್ಕಲ್ಲಿನ ಬಳಿ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಕಾಲು ಚಾಚಿ ಮಡಚುತ್ತೀರಲ್ಲ, ಆಗೆಲ್ಲ ಒಳಗೆ ಇದೇ ನಡೆಯುತ್ತಿರುತ್ತದೆ!

ಅಲ್ಲಿಂದ ಕೂಗಳತೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಕೆ. ಅನಂತಸುರೇಶ್ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ಕೀಲು, ತಿರುಪು ಏನೂ ಇಲ್ಲದ, ಬಾಗಿ ಕೆಲಸ ಮಾಡುವ ಪುಟ್ಟ ಚಿಮಟ ಮಾಡಿ ಅದರಲ್ಲಿ ಜೀಬ್ರಾ ಮೀನಿನ ಮೊಟ್ಟೆಯನ್ನು ಹಿಡಿದರು. ಬಲ ಅಳೆಯುವ ಸಾಧನವನ್ನೇ ಇಡಲಿಲ್ಲ! ಚಿಮಟ ಬಾಗಿದ ಚಿತ್ರ ತೆಗೆದರು, ಆ ಬಾಗಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಮೊಟ್ಟೆಯ ಮೇಲೆ ಬಿದ್ದ ಬಲ ಇಷ್ಟೆಂದು ಹೇಳಿದರು. 2010ರಲ್ಲಿ ಬಂದ ಆ ಪ್ರಬಂಧ ನನಗೆ ಈ ಇಡೀ ವಿದ್ಯೆಯ ಅತಿ ಚೆಲುವಾದ ನಮೂನೆಗಳಲ್ಲೊಂದು.

ಇಷ್ಟು ಹೊತ್ತೂ ಮಾತಾಡಿದ್ದು ಮೊನೆ ಇಳಿಯುವ ದಾರಿ. ಏರುವ ದಾರಿ ಇನ್ನೂ ಸ್ವಾರಸ್ಯ. ಗುಂಡನ್ನು ಹಿಂದಕ್ಕೆ ಎತ್ತುತ್ತಾ ಹೋದರೆ ಬಲ ಸೊನ್ನೆಗೆ ಬಂದು ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಸೊನ್ನೆ ದಾಟಿ ಋಣಕ್ಕೆ ಇಳಿಯುತ್ತದೆ. ಕೋಶ ಗುಂಡನ್ನು ಹಿಡಿದುಕೊಂಡಿದೆ! ಎಳೆಯುವಂತಿಲ್ಲ ಎಂಬ ಸಿನ್ಯೋರಿನಿಯ ನಿಯಮ ಇಲ್ಲಿ ಸೋಲುತ್ತದೆ, ಹರ್ಟ್ಸ್ ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಟನ್ನೂ ಸೇರಿಸಿದ ಲೆಕ್ಕ ಕೊಟ್ಟವರು ಕೇಂಬ್ರಿಜ್ಜಿನ ಜಾನ್ಸನ್, ಕೆಂಡಾಲ್ ಮತ್ತು ರಾಬರ್ಟ್ಸ್, 1971ರಲ್ಲಿ, ರಬ್ಬರ್ ಗುಂಡುಗಳ ಮೇಲೆ ಪ್ರಯೋಗ ಮಾಡಿ. ಆದರೆ ರಬ್ಬರ್ ಗುಂಡು ಬಿಟ್ಟರೆ ಬಿಟ್ಟಿತು. ಕೋಶ ಹಾಗೆ ಬಿಡುವುದಿಲ್ಲ. ಗುಂಡು ಮೇಲೆ ಮೇಲೆ ಹೋದಂತೆ ಪೊರೆ ಸಣ್ಣ ಕೊಳವೆಗಳಾಗಿ ಹಿಂದೆಯೇ ಎದ್ದು ಬರುತ್ತದೆ, ಕೆಲವೊಮ್ಮೆ ಹಲವು ಮೈಕ್ರೋಮೀಟರ್ ಎತ್ತರದವರೆಗೆ. ಕೊಳವೆ ಎಷ್ಟೇ ಉದ್ದವಾಗಲಿ ಅದರ ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಕೋಶ ತನ್ನ ಸುಕ್ಕುಗಳಲ್ಲಿ ಅಡಗಿಸಿಟ್ಟ ಪೊರೆಯನ್ನು ಬಿಚ್ಚಿ ಕೊಡುತ್ತಲೇ ಇರುತ್ತದೆ. ಒಂದು ಕೊಳವೆ ಕಳಚಿದಾಗ ಗೆರೆಯಲ್ಲಿ ಒಂದು ಮೆಟ್ಟಿಲು, ಇನ್ನೊಂದು ಕಳಚಿದಾಗ ಇನ್ನೊಂದು ಮೆಟ್ಟಿಲು; ಒಂದೊಂದೂ ಹತ್ತಾರು ಪಿಕೋನ್ಯೂಟನ್, ನಮ್ಮ ರಾಗಿ ಕಾಳಿನ ಪಾಲಿನಲ್ಲೂ ನೂರರಲ್ಲಿ ಕೆಲವೇ ಅಂಶ. ಮೆಟ್ಟಿಲುಗಳನ್ನು ಎಣಿಸಿದರೆ ಎಷ್ಟು ಕೊಳವೆಗಳು ಹಿಡಿದಿದ್ದವು ಎಂದು ಗೊತ್ತಾಗುತ್ತದೆ. ಬಹುಪಾಲು ಸಿಮ್ಯುಲೇಶನ್‌ಗಳು ಈ ಏರುವ ದಾರಿಯ ತಂಟೆಗೆ ಹೋಗದೆ ಇಳಿಯುವ ದಾರಿಗೇ ನಿಂತುಬಿಡುತ್ತವೆ. ಹಾಸ್ಟೆಲ್ಲಿನ ಆ ಹುಡುಗಿಗೆ ಕೆಲಸ ಬೇಕಿದ್ದರೆ ಇಲ್ಲಿಂದ ಹಿಡಿಯಬಹುದು.